ಕಾರ್ನರ್ ಸೈಟಿನ ಕೊಕ್ಕರೆ

ನಗರ ಯೋಜನೆ ಕೆಲಸ ಅಂದ್ರೆ ಆಫೀಸಲ್ಲಿ ಕೂತು ನಕ್ಷೆಗೆ ಬಣ್ಣ ಬಳಿಯೋದು ಅಂತ ನಮ್ಮ ಮನೆಯವರೇ ತಿಳಿದಿದ್ದರು. ತೊಂಬತ್ತರ ದಶಕದಲ್ಲಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಅಂತ ಬಸ್ಸು ಹತ್ತಿ ಇಳಿದವನು ನಾನು. ಆ ನಕ್ಷೆ ಹಿಡಿದು ಯಾವ ಊರಿಗೆ ಹೋದರೂ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಏನಾದರೊಂದು ಆಗೇ ತೀರುತ್ತಿತ್ತು.

ಅದರಲ್ಲೂ ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡ ಒಂದು ಊರು. ಪಟ್ಟಣ ಬೆಳೆದೂ ಬೆಳೆದೂ ಅದರ ಗದ್ದೆಬಯಲಿಗೆ ಬಂದು ನಿಂತಿತ್ತು. ನಾಲೆ ನೀರಿನ ಆ ಗದ್ದೆಗಳು ಸೈಟಾಗಬಾರದು ಅಂತ ಹಟ ಹಿಡಿದಿದ್ದವರು ಪಂಚಾಯ್ತಿ ಅಧ್ಯಕ್ಷೆ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಬಂದ ರೈತರ ಮನೆ ಹೆಂಗಸು. ಅಂಥ ಗಟ್ಟಿಗಿತ್ತಿ ಇನ್ನೊಬ್ಬರನ್ನು ನಾನು ಕಂಡಿಲ್ಲ.

೧. ಹಳದಿ ಬೇಕು

ಅರಳಿಕಟ್ಟೆ ಮೇಲೆ ನಕ್ಷೆ ಹರಡಿ, "ಹಸಿರು ಬಳಿದಿರೋದು ಗದ್ದೆ, ಅಲ್ಲಿ ಮನೆ ಕಟ್ಟೋ ಹಾಗಿಲ್ಲ. ಹಳದಿ ಇರೋ ಕಡೆ ಕಟ್ಟಬಹುದು" ಅಂದೆ. ಯಜಮಾನರೊಬ್ಬರು ಕನ್ನಡಕ ಏರಿಸಿ ತಮ್ಮ ಜಮೀನು ಹುಡುಕಿದರು.

"ನಮ್ ದಾಯಾದಿಗೆ ಹಳದಿ, ನಮಗ್ಯಾಕ್ ಸಾ ಹಸಿರು? ಅವನೇನು ನಿಮಗೆ ಕಾಫಿ ಗೀಫಿ ಕುಡಿಸವ್ನಾ?"

"ಅವರದು ಊರೊಳಗಿನ ಹಿತ್ತಲು, ನಿಮ್ಮದು ಗದ್ದೆ ಯಜಮಾನ್ರೇ."

"ಅದೆಲ್ಲಾ ಬುಡಿ. ಅವ್ನಿಗೆ ಬಳಿದಷ್ಟು ನಮಗೂ ಬಳೀರಿ."

ನಾನು ಮತ್ತೆ ನಕ್ಷೆ ತೋರಿಸಿ ವಿವರಿಸಲು ಹೊರಟೆ. ಅಧ್ಯಕ್ಷೆ ಮಾತ್ರ ತಣ್ಣಗೆ, "ಬಳೀರಿ ಸಾ, ಅದಕ್ಕೇನಂತೆ. ಯಜಮಾನ್ರೇ, ಹಳದಿ ಆದ್ಮೇಲೆ ಆ ಜಮೀನಿಗೆ ನಾಲೆ ನೀರು ಕೇಳಂಗಿಲ್ಲ, ಅಷ್ಟೇಯ" ಅಂದರು.

ಯಜಮಾನರು ನಕ್ಷೆಯಿಂದ ಕೈ ತೆಗೆದೇಬಿಟ್ಟರು. "ಅಯ್ಯಯ್ಯೋ! ಅಂಗಾರೆ ಆ ನನ್ಮಗನಿಗೇ ಇನ್ನೊಸಿ ಜಾಸ್ತಿ ಬಳೀರಿ ಸಾ!"

೨. ಎಮ್ಮೆ ಎಲ್ಲಿ ಮಲಗಬೇಕು

ಗದ್ದೆ ಬಿಟ್ಟರೆ ಮನೆ ಎಲ್ಲಿ ಕಟ್ಟೋದು ಅನ್ನೋ ಪ್ರಶ್ನೆ ಬಂತು. ಅಧ್ಯಕ್ಷೆ ಊರನ್ನೆಲ್ಲಾ ಹಿಂದಿಟ್ಟುಕೊಂಡು ಬೀದಿ ಬೀದಿ ಸುತ್ತಿದರು. ಎಲ್ಲಿ ನೋಡಿದರೂ ಬಿದ್ದ ಗೋಡೆ, ಇಲ್ಲವೇ ತಿಪ್ಪೆ. "ಊರಾಚೆ ಇರಬೇಕಾದ ತಿಪ್ಪೆನ ನಡುಬೀದಿಲಿ ಮಡಗಿದ್ದೀರಿ, ಊರೊಳಗಿರಬೇಕಾದ ಮನೆನ ಗದ್ದೆಲಿ ಕಟ್ತೀನಿ ಅಂತೀರಿ. ನಾಚ್ಕೆ ಆಗಕಿಲ್ವಾ?" ಅಂತ ನಿಂತಲ್ಲೇ ಬೈದರು. ತಿಪ್ಪೆಗಳು ಆಚೆ ಹೋದವು. ಜಾಗ ಸಾಲದವರು ಇರೋ ಮನೆ ಮೇಲೆ ಮಾಳಿಗೆ ಎತ್ತಲಿ ಅಂತ ನಾನೂ ಭಾಷಣ ಬಿಗಿದೆ.

ಒಬ್ಬ ಎದ್ದು ನಿಂತ. "ನಾವು ಮ್ಯಾಲೆ ಮಲಗಿದ್ರೆ ಎಮ್ಮೆ ಗತಿ ಏನು ಸಾ? ಅದು ಮೆಟ್ಲು ಅತ್ತುತ್ತಾ?"

"ಎಮ್ಮೆ ಕೆಳಗೇ ಇರಲಿ, ನೀವು ಹತ್ತಿ."

ಹಿಂದಿನಿಂದ ಅವನ ಹೆಂಡತಿ ಕೂಗಿದಳು. "ಆಲು ಕರೆಯೋ ಎಮ್ಮೆನ ಒಂಟಿ ಬುಟ್ಟು ನಾನೆಲ್ಲೂ ಬರಾಕಿಲ್ಲ. ಇವರೊಬ್ರೇ ಮಾಳಿಗೆಲಿ ಮಲಗ್ಲಿ. ಈ ಗೊರಕೆ ಕಾಟದಾಗೆ ಎಮ್ಮೆಗೂ ನಿದ್ದೆ ಇಲ್ಲ!"

ಊರಲ್ಲಿ ಮೊದಲ ಮಾಳಿಗೆ ಎದ್ದಿದ್ದು ಅವರದೇ.

೩. ಕಾರ್ನರ್ ಸೈಟು

ಇಷ್ಟೆಲ್ಲಾ ಮಾಡಿದ ಅಧ್ಯಕ್ಷೆಗೆ ಅಡ್ಡ ಬಂದವನು ಮನೆಯೊಳಗೇ ಇದ್ದ, ಅವರ ಮೈದುನ. ಮಕ್ಕಳ ಮದುವೆಯಾಗಿ ಮನೆಯಲ್ಲಿ ಜಾಗ ಸಾಲದೆ, ಗದ್ದೆ ಮಾರಿ ಪಟ್ಟಣದಲ್ಲಿ ಮನೆ ಮಾಡ್ತೀನಿ ಅಂತ ಸೈಟು ಮಾರುವ ಏಜೆಂಟನೊಬ್ಬನಿಗೆ ಮಾತು ಕೊಟ್ಟುಬಿಟ್ಟಿದ್ದ. ಅವನ ಗದ್ದೆ ಮುಚ್ಚಿದರೆ ಕೆಳಗಿನ ಗದ್ದೆಗಳಿಗೆಲ್ಲಾ ನೀರಿನ ದಾರಿಯೇ ಬಂದ್. ಅಧ್ಯಕ್ಷೆ ಊಟ ಬಿಟ್ಟು ಕೂತರು. ನನ್ನ ನಕ್ಷೆಗಿನ್ನೂ ಮಂಜೂರಾತಿ ಬಂದಿರಲಿಲ್ಲ, ಕಾನೂನಿನಲ್ಲಿ ತಡೆಯೋ ಹಾಗೂ ಇರಲಿಲ್ಲ.

ನಾಲೆ ನಿಂತ ಬೇಸಿಗೆ. ಗದ್ದೆ ಒಣಗಿ ಆಟದ ಮೈದಾನದ ಹಾಗಿತ್ತು. ಏಜೆಂಟು ಸುಣ್ಣ ಬಳಿದ ಕಲ್ಲು ನೆಟ್ಟು, ಬೆಂಗಳೂರಿಂದ ಗಿರಾಕಿಗಳನ್ನು ಕರೆತರುವ ದಿನ ಗೊತ್ತು ಮಾಡಿದ. ಅಧ್ಯಕ್ಷೆ ಅವನಿಗೆ ಹೇಳಿದ್ದು ಇಷ್ಟೇ. "ಕರ್ಕಬಾಪ್ಪ, ನಾನೇ ನಿಂತು ತೋರಿಸ್ತೀನಿ. ಆದ್ರೆ ಈ ವಾರ ಬ್ಯಾಡ, ಮುಂದ್ಲ ಭಾನುವಾರ ಬರ್ಲಿ." ಅವನು ಕೈಮುಗಿದು ಒಪ್ಪಿದ.

ಅಷ್ಟರಲ್ಲಿ ನಾಲೆಗೆ ನೀರು ಬಿಟ್ಟಿದ್ದರು.

ವ್ಯಾನು ಬಂದು ನಿಂತಾಗ ಸೈಟುಗಳೆಲ್ಲಾ ಮೊಣಕಾಲುದ್ದ ನೀರಲ್ಲಿದ್ದವು. ಬೂಟು ಹಾಕಿದ್ದ ಗಿರಾಕಿಯೊಬ್ಬರು ಬದುವಿನ ಮೇಲೆ ತೂರಾಡುತ್ತಾ, "ನಮ್ಮ ಕಾರ್ನರ್ ಸೈಟ್ ಎಲ್ಲಮ್ಮಾ?" ಅಂದರು.

"ಅಗೋ, ಆ ಕೊಕ್ಕರೆ ನಿಂತದಲ್ಲಾ, ಅದೇಯ. ಒಸಿ ಪ್ಯಾಂಟು ಮಡಿಸ್ಕಂಡು ಬನ್ನಿ."

"ಈ ನೀರು ಯಾವಾಗ ಹೋಗುತ್ತೆ?"

"ಕುಯ್ಲಿಗೆ ಓಗ್ತದೆ. ಆಮ್ಯಾಕೆ ತಿರ್ಗ ಬುಡ್ತಾರೆ."

ಏಜೆಂಟು, "ಗೌಡ್ರೇ, ಬಂದು ಮಾತಾಡ್ರೀ!" ಅಂತ ಮೈದುನನನ್ನು ಕೂಗಿದ. ಮೈದುನ ಎಲ್ಲಿ? ಬದು ಒಂದು ಕಡೆ ಒಡೆದು ನೀರು ಹಳ್ಳಕ್ಕೆ ಹರಿಯುತ್ತಿತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, ಗದ್ದೆ ಮಾರಕ್ಕೆ ಅಂತ ಬಿಳಿ ಪಂಚೆ ಉಟ್ಟು ಬಂದವನು ಕೆಸರಿಗೆ ಇಳಿದುಬಿಟ್ಟಿದ್ದ. "ಇರ್ಲಾ, ನೀರೆಲ್ಲಾ ಪೋಲಾಗೋಯ್ತಾ ಐತೆ! ನೋಡ್ತಾ ನಿಂತವ್ನೆ! ಒಂದು ಕಲ್ಲು ಕೊಡ್ಲಾ ಇತ್ಲಾಗೆ!" ಅಂತ ಏಜೆಂಟನಿಗೇ ಗದರಿದ.

ಅಧ್ಯಕ್ಷೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಇವನು ಮಾರಾಕಿಲ್ಲ ಬುಡಿ ಸಾ" ಅಂದರು. ಮಾರಲೂ ಇಲ್ಲ, ಆ ವರ್ಷವೇ ಮಕ್ಕಳಿಗೆ ಮಾಳಿಗೆ ಎತ್ತಿಸಿದ.

ನಾನು ಮರೆಯದೇ ಇರೋದು ಮಾತ್ರ ಆ ಏಜೆಂಟನನ್ನು. ಅವನೂ ಕೆ.ಆರ್. ಪೇಟೆ ಕಡೆ ರೈತರ ಮಗನೇ, ನೀರು ಪೋಲಾಗೋದು ನೋಡ್ಕೊಂಡು ಸುಮ್ಮನಿದ್ದಾನಾ? ಗಿರಾಕಿಗಳು ವ್ಯಾನು ಹತ್ತಿ ಬಾಗಿಲು ಹಾಕಿಕೊಳ್ಳುತ್ತಿದ್ದರೆ, ಇವನು ಪ್ಯಾಂಟು ತೊಡೆಗೇರಿಸಿ ನೀರಿಗಿಳಿದು, ತಾನೇ ನೆಟ್ಟ ಕಾರ್ನರ್ ಸೈಟಿನ ಕಲ್ಲು ಕಿತ್ತು, ಎದೆಗವಚಿ ತಂದು ಕೊಟ್ಟು ಕೇಳಿದ:

"ಗೌಡ್ರೇ, ಇದು ಸಾಕಾ, ಇನ್ನೊಂದು ಸೈಟಿಂದೂ ಕಿತ್ಕಬರ್ಲಾ?"