ಗುಡ್ಡ ಹತ್ತುವ ಬೈಕು

ಗಡ್ಡಕ್ಕೆ ಸೋಪು ಹಚ್ಚಿದ ಕೈಯಲ್ಲಿ ಫೋನು ಹಿಡಿಯಲಾಗದೆ, ಅದನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು ಸ್ಪೀಕರ್ ಒತ್ತಿದ್ದೇ ದಂತಶಿಲ್ಪಿ ಮಾಡಿದ ತಪ್ಪು.

"ಬೈಕ್ ಇನ್ನೂ ಇದೆ ಸಾರ್," ಎಂದಿತು ಫೋನು, ಅಕ್ಕಪಕ್ಕದ ಬಾಲ್ಕನಿಗಳಿಗೂ ಕೇಳುವ ಹಾಗೆ. "ಇನ್ನೂರೈವತ್ತು ಸಿಸಿ. ಗುಡ್ಡಕ್ಕೂ ಸೈ, ಟ್ರ್ಯಾಕಿಗೂ ಸೈ. ಐದಕ್ಕೆ ಗ್ಯಾರೇಜ್ ಬಾಗಿಲು ಹಾಕ್ತೀನಿ, ಅಷ್ಟರೊಳಗೆ ಬನ್ನಿ."

ದಂತಶಿಲ್ಪಿ ಎಂಬುದು ಅವನೇ ತನಗೆ ಕೊಟ್ಟುಕೊಂಡ ಬಿರುದು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ವಾರಕ್ಕೆ ಆರು ದಿನ ಪ್ಲಾಸ್ಟರು, ಮೇಣ, ಕಂಡವರ ದವಡೆ. ಭಾನುವಾರ ಮಾತ್ರ ಬೆಟ್ಟಗುಡ್ಡದ ಕಾಲುದಾರಿಯಲ್ಲಿ ಬೈಕ್ ಓಡಿಸುವ ಗುಂಪಿನ ಜೊತೆ ಹೊರಟುಬಿಡುತ್ತಿದ್ದ. ಅವನ ಹಳೇ ಬೈಕಿಗೋ ಗುಡ್ಡವೆಂದರೆ ಹಟಮಾರಿ ಎಮ್ಮೆಗೆ ಸೇತುವೆ ಕಂಡಂತೆ, ಬುಡದಲ್ಲೇ ನಿಂತುಬಿಡುತ್ತಿತ್ತು. ಹೋದ ಭಾನುವಾರ ಅದನ್ನು ಏಳು ಮೈಲಿ ತಳ್ಳಿಕೊಂಡು ಬಂದಿದ್ದ. ಗುಂಪಿನ ಮುಖಂಡ ಕೈಮುಗಿದು ಹೇಳಿದ್ದ: "ನಿನ್ನ ಮೇಲೆ ಏನೂ ಇಲ್ಲಪ್ಪ. ಆದ್ರೆ ಬರೋ ವಾರ ಟ್ರ್ಯಾಕ್‌ನಲ್ಲಿ ಓಡಿಸೋದಿದೆ. ನಂಬೋ ಅಂಥ ಗಾಡಿ ತಂದ್ರೆ ಬಾ, ಇಲ್ಲಾಂದ್ರೆ ಮನೇಲಿರು."

ಆ ಮಾತು ಮಾಂಸದಲ್ಲಿ ಮುರಿದ ಮುಳ್ಳಿನಂತೆ ವಾರವಿಡೀ ಚುಚ್ಚಿತ್ತು. ಮೂರು ತಿಂಗಳು ಓದಿ, ಕೇಳಿ, ನೋಟ್‌ಬುಕ್ಕಿನ ತುಂಬ ಬರೆದು ಅವನು ತೀರ್ಮಾನಕ್ಕೆ ಬಂದಾಗಿತ್ತು: ಹಗುರವಾದ ಫೋರ್ ಸ್ಟ್ರೋಕು, ಗಾಳಿಯಲ್ಲೇ ತಣಿಯುವ ಎಂಜಿನ್ನು, ಕಲ್ಲಿನ ಮೇಲೆ ಬಿದ್ದರೂ ಒಡೆಯಲು ರೇಡಿಯೇಟರಿಲ್ಲ, ಕೆಟ್ಟರೆ ದಾರಿಯಲ್ಲೇ ಬಿಚ್ಚಿ ಕಟ್ಟಬಹುದು. ಹೆಂಡತಿಯೂ ಬೆಳಿಗ್ಗೆ ಗಡುವು ಕೊಟ್ಟಿದ್ದಳು. "ತಗೊಳ್ಳೋದಾದ್ರೆ ಇವತ್ತು ತಗೊಳ್ಳಿ. ನಾಳೆಯಿಂದ ಈ ಮನೇಲಿ ಬೈಕ್ ಅನ್ನೋ ಶಬ್ದ ನನ್ನ ಕಿವಿಗೆ ಬೀಳಬಾರದು."

"ಗುಡ್ಡ ಹತ್ತೋ ಬೈಕಾ?" ಪಕ್ಕದ ಬಾಲ್ಕನಿಯಿಂದ ದನಿ ಬಂತು.

ಮೇಷ್ಟ್ರು. ನಿವೃತ್ತ ವಿಜ್ಞಾನ ಮೇಷ್ಟ್ರು, ಇವನ ಹೆಂಡತಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ಬೇರೆ ಯಾರಾದರೂ ಆಗಿದ್ದರೆ ಒಂದು ಗದರಿಕೆಯಲ್ಲಿ ಮುಗಿಯುತ್ತಿತ್ತು.

"ನೋಡಪ್ಪ, ಸೀಟು ಎಷ್ಟು ಎತ್ತರ ಇರುತ್ತೆ ಅದಕ್ಕೆ? ಗುರುತ್ವ ಕೇಂದ್ರ ಮೇಲೆ ಹೋದಷ್ಟೂ ನೀನು ಕೆಳಗೆ ಬರ್ತೀಯ. ಗುಡ್ಡ ಹತ್ತೋಕೆ ದೇವರು ಮೇಕೆ ಮಾಡಿದಾನೆ."

"ನಾನು ಯೋಚನೆ ಮಾಡಿದೀನಿ ಮೇಷ್ಟ್ರೇ."

"ಯೋಚನೆ ಮಾಡಿದ್ರೆ ಈ ನಿರ್ಧಾರಕ್ಕೆ ಬರ್ತಿರಲಿಲ್ಲ."

ಸೋಪು ಮುಖದಲ್ಲೇ ಒಣಗಿತು. ರೇಜರ್ ಎಳೆದ ರಭಸಕ್ಕೆ ಗಲ್ಲದಲ್ಲಿ ಎರಡು ಕಡೆ ರಕ್ತ ಜಿನುಗಿತು.

ಕೆಲಸಕ್ಕೆ ಬಂದು ಕೂತು ಅರ್ಧ ಗಂಟೆಯಾಗಿರಲಿಲ್ಲ, ಭಾವಮೈದುನನ ಫೋನು ಬಂತು. ಮೇಷ್ಟ್ರು ತಮ್ಮ ಹಳೇ ಶಿಷ್ಯೆಗೆ ಹೇಳಿದ್ದರು, ಶಿಷ್ಯೆ ತಮ್ಮನಿಗೆ ಹೇಳಿದ್ದಳು. ಸ್ವಂತದ್ದೊಂದು ಸೈಕಲ್ಲೂ ಇಲ್ಲದ ಈ ಭಾವಮೈದುನ ಎಲ್ಲ ವಾಹನಗಳ ಮೇಲೂ ಅಧಿಕಾರವಾಣಿಯಿಂದ ಮಾತಾಡುತ್ತಿದ್ದ.

"ಭಾವ, ಫೋರ್ ಸ್ಟ್ರೋಕ್ ಬೇಡ. ಟೂ ಸ್ಟ್ರೋಕ್ ತಗೊಳ್ಳಿ."

"ಯಾಕೆ?"

"ಸೌಂಡ್ ಚೆನ್ನಾಗಿರುತ್ತೆ."

"ನಾನು ಸಂಗೀತ ಕಚೇರಿಗೆ ಹೋಗ್ತಿಲ್ಲ!"

ಹತ್ತು ನಿಮಿಷಕ್ಕೆ ಮತ್ತೆ ಫೋನು. "ಭಾವ, ನನ್ನ ಸ್ನೇಹಿತ ಹೇಳ್ತಾನೆ, ನಾನೂರೈವತ್ತು ಸಿಸಿ ಇಲ್ಲದಿದ್ರೆ ಟ್ರ್ಯಾಕ್‌ನಲ್ಲಿ ಮರ್ಯಾದೆ ಇರಲ್ವಂತೆ." ಆಮೇಲೆ ಇನ್ನೊಂದು. "ಭಾವ, ನಿಮ್ಮ ಕಾಲು ನೆಲಕ್ಕೆ ಮುಟ್ಟುತ್ತಾ? ಅಕ್ಕನಿಗೆ ಅದೇ ಚಿಂತೆಯಂತೆ." ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಫೋನು. ಆ ಸಿಟ್ಟೆಲ್ಲ ಕೈಗಿಳಿದು, ಯಾರೋ ಸಾಧು ಅಜ್ಜಿಗೆಂದು ಅವನು ಜೋಡಿಸಿದ ಹಲ್ಲಿನ ಸೆಟ್ಟು ಎದುರಿಗಿದ್ದವರನ್ನು ಕಚ್ಚಲು ಹೊರಟಂತೆ ಕಾಣತೊಡಗಿತು. ಒಯ್ಯಲು ಬಂದ ಡಾಕ್ಟರು ಅದನ್ನು ತಿರುಗಿಸಿ ನೋಡಿ, "ಏನ್ರೀ ಇದು, ಬಾಯಿಗೆ ಹಾಕೋದೋ, ಬಾಗಿಲಿಗೆ ಕಟ್ಟೋದೋ?" ಎಂದರು. ಹಲ್ಲನ್ನೆಲ್ಲ ಕಿತ್ತು ಮೇಣ ಕರಗಿಸಿ ಮೊದಲಿನಿಂದ ಜೋಡಿಸಿ ಏಳುವಷ್ಟರಲ್ಲಿ ಗಂಟೆ ಮೂರೂವರೆ. ಊರಾಚೆಯ ಗ್ಯಾರೇಜಿಗೆ ಹೋಗುವ ಬಸ್ಸು ತಪ್ಪಿತ್ತು.

ಬೀದಿಗೆ ಬಂದರೆ ಸ್ಕೂಟರಿನ ಮೇಲೆ ಮೇಷ್ಟ್ರು! "ಹತ್ತು. ನೀನು ಒಬ್ಬನೇ ಹೋದ್ರೆ ಮೋಸ ಹೋಗ್ತೀಯ ಅಂತ ನಿನ್ನ ಹೆಂಡತಿ ಅಂದ್ಲು."

ಹತ್ತದೆ ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ಇಪ್ಪತ್ತರ ವೇಗದಲ್ಲಿ, ಪ್ರತಿ ತಿರುವಿನಲ್ಲೂ ಘರ್ಷಣೆಯ ಬಗ್ಗೆ ವಿವರಿಸುತ್ತ ಹೋದರು. ಹಾಲಿನ ಸೈಕಲ್ಲೊಂದು ಅವರನ್ನು ಹಿಂದೆ ಹಾಕಿತು. ಹಿಂದೆ ಕೂತವನ ದವಡೆ ಕಟಕಟ ಎನ್ನುತ್ತಿತ್ತು.

ಗ್ಯಾರೇಜು ತಲುಪಿದಾಗ ನಾಲ್ಕು ಗಂಟೆ. ಬಾಗಿಲಲ್ಲೇ ಭಾವಮೈದುನ ಕೈಕಟ್ಟಿಕೊಂಡು ನಿಂತಿದ್ದ, ಬಸ್ಸಿಗೆ ಬಂದಿದ್ದನಂತೆ. "ಭಾವ, ನಾನೆಲ್ಲ ಚೆಕ್ ಮಾಡಿದೀನಿ. ಹದಿನಾಲ್ಕು ದೋಷ ಇದೆ."

ಗ್ಯಾರೇಜಿನ ಯಜಮಾನಿ ಕೈಯ ಗ್ರೀಸು ಒರೆಸಿಕೊಳ್ಳುತ್ತ ಎದ್ದಳು. ಮುಖ ಕೆಂಪಾಗಿತ್ತು. "ಇವರು ನಿಮ್ಮವರಾ? ಟೈರಿನಲ್ಲಿ ಗಂಟು ಜಾಸ್ತಿ ಇದೆ, ಸವೆಸಿ ನುಣ್ಣಗೆ ಮಾಡಿಕೊಡಿ ಅಂತಿದಾರೆ."

ಬೈಕು ಬಿಸಿಲಿಗೆ ನಿಂತಿತ್ತು. ದಂತಶಿಲ್ಪಿ ಮೊಣಕಾಲೂರಿ ಒಂದೊಂದಾಗಿ ನೋಡಿದ. ಏರ್ ಫಿಲ್ಟರ್ ಶುದ್ಧ. ಆಯಿಲು ಜೇನಿನ ಬಣ್ಣ. ಹಿಂದಿನ ಚಕ್ರ ಅಲ್ಲಾಡಿಸಿದರೆ ಕೂದಲೆಳೆಯಷ್ಟೂ ಸಡಿಲವಿಲ್ಲ. ಅವನ ಬಾಯಿ ತೆರೆಯಿತು, ಅಷ್ಟರಲ್ಲಿ ಮೇಷ್ಟ್ರು ಬಗ್ಗಿದರು.

"ಇದಕ್ಕೆ ಸ್ಟ್ಯಾಂಡು ಒಂದೇ ಕಡೆ ಇದೆ. ಅಸಮತೋಲನ."

"ಸೀಟು ಹಲಗೆ ಥರ ಇದೆ," ಎಂದ ಭಾವಮೈದುನ.

"ಭಾರ ನೂರಹತ್ತು ಕಿಲೋ, ಇವನು ಎಪ್ಪತ್ತೈದು. ಇಳಿಜಾರಿನಲ್ಲಿ ಬ್ರೇಕ್ ಹಿಡಿದ್ರೆ..."

"ಅಕ್ಕ ಬಣ್ಣ ಯಾವುದು ಅಂತ ಕೇಳ್ತಿದಾಳೆ ಭಾವ, ಲೈನ್‌ನಲ್ಲಿದಾಳೆ."

ಬೆಳಿಗ್ಗೆಯಿಂದ ಕುದಿಯುತ್ತಿದ್ದ ಪಾತ್ರೆಯ ಮುಚ್ಚಳ ಹಾರಿತು.

"ಬಾಯಿ ಮುಚ್ಕೊಳ್ರೀ ಎಲ್ರೂ!" ದಂತಶಿಲ್ಪಿ ಕೂಗಿದ ಕೂಗಿಗೆ ಛಾವಣಿಯ ತಗಡು ಝೇಂಕರಿಸಿತು. "ಮೇಷ್ಟ್ರೇ, ನೀವೂ! ಯಾವನಿಗೆ ಬೇಕು ನಿಮ್ಮ ಸಲಹೆ? ಯಾವನಿಗೆ ಬೇಕು ಈ ಬಣ್ಣ, ಈ ಸ್ಟ್ಯಾಂಡು, ಈ ಹಾಳು ಬೈಕು!"

ಬೈಕಿನ ಹ್ಯಾಂಡಲಿಗೆ ತೂಗುಹಾಕಿದ್ದ ಹೆಲ್ಮೆಟ್ಟು ತಲೆಗೇರಿಸಿ ಬೈಕಿಗೆ ಒಂದು ಒದೆ ಕೊಟ್ಟ. ಮೊದಲ ಒದೆಗೇ ಅದು ಗುಟುರು ಹಾಕಿತು. ಗ್ಯಾರೇಜಿನ ಹಿಂದೆಯೇ ಗುಡ್ಡ. ಕಲ್ಲು, ಕೊರಕಲು, ಬೇರು ಏನನ್ನೂ ಲೆಕ್ಕಿಸದೆ ಏರಿದ. ಅಷ್ಟು ಸಿಟ್ಟಿನಲ್ಲಿ ಅವನು ಎಂದೂ ಬೈಕ್ ಓಡಿಸಿರಲಿಲ್ಲ, ಅಷ್ಟು ಚೆನ್ನಾಗಿಯೂ ಓಡಿಸಿರಲಿಲ್ಲ. ನೆತ್ತಿಯ ಹತ್ತಿರ ಬಂಡೆಯ ಮೇಲೆ ಜಾರಿ ಬೈಕಿನ ಸಮೇತ ಉರುಳಿದ. ಎತ್ತಿ ನಿಲ್ಲಿಸಿ ಒದ್ದ, ಮತ್ತೆ ಒಂದೇ ಒದೆಗೆ ಶುರು. ಕೆಳಗಿಳಿದು ಅಭ್ಯಾಸಕ್ಕೆಂದು ಮಾಡಿದ್ದ ಮಣ್ಣಿನ ಟ್ರ್ಯಾಕಿನಲ್ಲಿ ಐದು ಸುತ್ತು ಹೊಡೆದ. ಐದನೇ ಸುತ್ತಿನಲ್ಲಿ ದಿಬ್ಬದಿಂದ ಹಾರಿ ನೆಲ ಮುಟ್ಟುವಷ್ಟರಲ್ಲಿ ಸಿಟ್ಟೆಲ್ಲ ಎಲ್ಲೋ ಉದುರಿಹೋಗಿತ್ತು. ಇದೇ ಬೈಕು. ಈ ಜನ್ಮಕ್ಕೆ ಇದೇ ಸಾಕು.

ಮೈತುಂಬ ಮಣ್ಣು, ಮುಖತುಂಬ ನಗು ಹೊತ್ತು ವಾಪಸ್ಸು ಬಂದ. ಐದಕ್ಕೆ ಇನ್ನೂ ಐದು ನಿಮಿಷವಿತ್ತು.

"ತಗೊಂಡೆ!" ಎಂದ.

ಯಜಮಾನಿ ಕಾಗದ ಮಡಚುತ್ತಿದ್ದಳು. "ಏನು ತಗೊಂಡ್ರಿ ಸಾರ್? ಅದು ಆಗಲೇ ಹೋಯ್ತಲ್ಲ."

"ಹೋಯ್ತಾ? ಯಾರಿಗೆ?"

ಮೇಷ್ಟ್ರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಮೂವತ್ತನಾಲ್ಕು ವರ್ಷ ಚಲನೆಯ ನಿಯಮ ಬೋರ್ಡಿನ ಮೇಲೆ ಬರೆದೆನಪ್ಪ," ಎಂದರು ಮೆಲ್ಲಗೆ. "ನೀನು ಆ ಬಂಡೆ ಹತ್ರ ಬಿದ್ದು, ಎದ್ದು, ಒಂದೇ ಒದೆಗೆ ಸ್ಟಾರ್ಟ್ ಮಾಡಿದೆಯಲ್ಲ, ಆಗಲೇ ಮನಸ್ಸು ಮಾಡ್ದೆ. ಎಂಥ ಗಟ್ಟಿ ಗಾಡಿ! ದಿಬ್ಬ ಹಾರಿದಾಗ ಸಹಿ ಹಾಕಿಬಿಟ್ಟೆ."

"ಮೇಷ್ಟ್ರೇ, ಅದು ನನ್ನ ಬೈಕು!"

"ಹಾಳು ಬೈಕು ಯಾವನಿಗೆ ಬೇಕು ಅಂತ ಮೂರು ಜನರ ಮುಂದೆ ಕೂಗಿದ್ದು ನೀವೇ ಅಲ್ವಾ ಸಾರ್?" ಎಂದಳು ಯಜಮಾನಿ. "ಇವರು ನನಗೆ ಬೇಕು ಅಂದ್ರು. ಕೊಟ್ಟೆ."

ಭಾವಮೈದುನ ಫೋನನ್ನು ಕಿವಿಯಿಂದ ತೆಗೆದ. "ಅಕ್ಕನೂ ಕೇಳಿಸ್ಕೊಂಡಳಂತೆ ಭಾವ. ಸದ್ಯ ಬುದ್ಧಿ ಬಂತು ಅಂತ ಖುಷಿಯಾಗಿದಾಳೆ."

ದಂತಶಿಲ್ಪಿಯ ಗಂಟಲಲ್ಲಿ ಏನೋ ಶಬ್ದ ಬಂತು. ಮಾತಲ್ಲ, ಅಚ್ಚಿನೊಳಗೆ ಪ್ಲಾಸ್ಟರು ಬಿರುಕು ಬಿಟ್ಟ ಹಾಗಿತ್ತು.

"ಒಬ್ಬರು ಕೂರೋ ಗಾಡಿಯಪ್ಪ ಇದು, ನಿನ್ನನ್ನ ಕರ್ಕೊಂಡು ಹೋಗೋ ಹಾಗಿಲ್ಲ," ಮೇಷ್ಟ್ರು ಸ್ಕೂಟರಿನ ಕೀಲಿ ಅವನ ಅಂಗೈಯಲ್ಲಿಟ್ಟರು. ಬೈಕಿಗೆ ಕಷ್ಟಪಟ್ಟು ಕಾಲು ಹಾಕಿ, ತುದಿಬೆರಳಲ್ಲಿ ನೆಲ ಮುಟ್ಟಿ, ಅವನತ್ತ ತಿರುಗಿದರು. "ಅಂದ ಹಾಗೆ, ಗೇರು ಯಾವ ಕಾಲಲ್ಲಿ?"

"ಎಡ," ಎಂದ ದಂತಶಿಲ್ಪಿ, ಹಲ್ಲಿನ ಸಂದಿಯಿಂದ.

ಬೈಕು ಹಾರಿದಂತೆ ಹೋಯಿತು. ಸ್ಕೂಟರಿನ ಹಿಂದಿನ ಸೀಟಿಗೆ ಭಾವಮೈದುನ ಏರಿ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡಿ ಭಾವ. ಇನ್ನೊಂದು ಸಲ ಬೈಕ್ ನೋಡೋಕೆ ಹೋಗುವಾಗ ನನ್ನನ್ನೂ ಒಂದು ಮಾತು ಕೇಳಿ."