ಮೈಕಿಗೊಂದು ಮಂಗಳ

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ತಾಳಜ್ಞಾನ ಕೊಡುತ್ತಾನೆ. ನನ್ನ ಪಾಳಿ ಬಂದಾಗ ಅವನನ್ನು ಯಾರೋ ಹೊರಗಿನಿಂದ ಕರೆದಿರಬೇಕು, ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದಾನೆ. ಹಾಗಿದ್ದೂ ಪಾಲಬಾವಿಯ ನಮ್ಮ ಹೆಂಗಸರ ಹಾಡಿನ ಮೇಳದಲ್ಲಿ ನನಗೊಂದು ಜಾಗವಿದೆ, ಅದೂ ಚಾಪೆಯ ಮೇಲೆ, ಗೋಡೆಗೆ ಬೆನ್ನು ಆನಿಸಿಕೊಂಡು. ಇದೇನು ಸಣ್ಣ ಕೃಪೆಯೇ? ನಾನು ತಾಳ ಹಾಕುತ್ತೇನೆ. ಒಗ್ಗರಣೆಯಲ್ಲಿ ಸಾಸಿವೆ ಚಟಗುಟ್ಟಿದ ಕೂಡಲೇ ಒಲೆ ಸಣ್ಣ ಮಾಡಿ ರೂಢಿಯಾದ ಕೈ ನನ್ನದು. ಹಾಡು ರಂಗೇರಿತೆಂದರೆ ತಾಳವನ್ನೂ ತಾನಾಗಿಯೇ ಸಣ್ಣ ಮಾಡಿಬಿಡುತ್ತದೆ. ಆಗ ಡೋಲಕಿ ಬಾರಿಸುವ ಪದ್ಮಕ್ಕ ಮೊಣಕೈಯಿಂದ ತಿವಿದು, "ಬಡಿ ಬೇ, ನಿದ್ದಿ ಬಂತೇನ?" ಎನ್ನುತ್ತಾಳೆ.

ನಮ್ಮ ಮೇಳಕ್ಕೆ ಹೆಸರು ಬಂದದ್ದು ಹುಸೇನಬಿಯಿಂದ. ಕೌದಿ ಹೊಲಿಯುವ ಹೆಣ್ಣುಮಗಳು. ಅವಳ ಅಪ್ಪ ಮೊಹರಮ್ಮಿನಲ್ಲಿ ಅಲಾವಿಯ ಬೆಂಕಿಕುಣಿಯ ಸುತ್ತ ನಿಂತು ಹಾಡುತ್ತಿದ್ದವನು; ಆ ಕಂಠ ಮಗಳಿಗೆ ಬಂದಿದೆ. ತತ್ವಪದ, ಸೋಬಾನೆ, ತೊಟ್ಟಿಲ ಹಾಡು ಯಾವುದನ್ನೇ ಎತ್ತಿಕೊಳ್ಳಲಿ, ಒಲೆಯ ಮೇಲೆ ಹಾಲಿಟ್ಟು ಬಂದವರು ಕೂಡ ಹಾಲನ್ನು ಮರೆಯುತ್ತಾರೆ. ನನಗೆ ಒಬ್ಬಳೇ ಹಾಡಲು ಕೊಡುವುದು ಮಂಗಳ ಮಾತ್ರ. ಕಾರ್ಯಕ್ರಮದ ಕಟ್ಟಕಡೆಗೆ, ದೀಪಕ್ಕೆ ಆರತಿ ಎತ್ತುವಾಗ ಹಾಡುವ ಹಾಡು. ಆ ಹೊತ್ತಿಗೆ ಗಂಟೆ, ಜಾಗಟೆ, ಚಪ್ಪಲಿ ಹುಡುಕುವವರ ಗದ್ದಲ ಎಲ್ಲ ಕೂಡಿರುವುದರಿಂದ ನನ್ನ ಸ್ವರ ಎಲ್ಲಿ ಜಾರಿತೆಂದು ಯಾರೂ ನೋಡುವುದಿಲ್ಲ.

ಮಂಗಳ ಆದ ಮೇಲೆ ಮತ್ತೆ ಹಾಡಬಾರದು. ಇದು ಹಳೆಯ ಪದ್ಧತಿ, ಅದರ ಕಾವಲುಗಾರ್ತಿ ನಾನು. ಒಮ್ಮೆ ರಾಯಬಾಗದಲ್ಲಿ ನಾಮಕರಣದ ಮನೆಯ ಮುದುಕಿ ನನ್ನ ಗಲ್ಲ ಹಿಡಿದು, "ಇನ್ನೊಂದ ಜೋಗುಳ ಹಾಡ್ರೆವ್ವಾ, ಕೂಸು ಇನ್ನೂ ಮಲಗಿಲ್ಲ" ಎಂದು ಬೇಡಿಕೊಂಡಳು. "ಮಂಗಳ ಆತಲ್ರಿ ಆಯಿ, ಇನ್ನ ಹಾಡಂಗಿಲ್ಲ" ಎಂದುಬಿಟ್ಟೆ. ಕೂಸು ನಾವು ಬಸ್ಸು ಹತ್ತುವ ತನಕ ಅಳುತ್ತಿತ್ತು. ನಾನು ಮಾತ್ರ ಧರ್ಮ ಉಳಿಸಿದ ಗತ್ತಿನಲ್ಲಿ ಕಿಟಕಿಯ ಸೀಟಿನಲ್ಲಿ ಕುಳಿತಿದ್ದೆ.

ನಾವು ಹಾಡುವ ಜಾಗಗಳೇನೂ ದೊಡ್ಡವಲ್ಲ. ಅಥಣಿಯಲ್ಲಿ ಟ್ರ್ಯಾಕ್ಟರ್ ಅಂಗಡಿಯ ಪೂಜೆಗೆ ಕರೆದಿದ್ದರು, ಹಾರ ಹಾಕಿದ ಟ್ರ್ಯಾಕ್ಟರಿನ ಹಿಂದೆ ನಮ್ಮನ್ನು ಕೂರಿಸಿದರು. ಜನರಿಗೆ ಹಾಡು ಕೇಳಿಸಿತು, ನಾವು ಕಾಣಿಸಲಿಲ್ಲ. ಅವತ್ತು ನನ್ನ ತಾಳ ಪೂರ್ತಿ ದಿಕ್ಕು ತಪ್ಪಿತ್ತು, ಎಷ್ಟು ದೊಡ್ಡ ಗಾಲಿ ಮಾಡಿಸಿದೆಯಪ್ಪಾ ಎಂದು ನಮ್ಮ ಮನೆದೇವರು ಮಲ್ಲಯ್ಯನಿಗೆ ಕೈಮುಗಿದೆ.

ಇಂಥ ನಮಗೆ ಚಿಕ್ಕೋಡಿಯಿಂದ ಕರೆ ಬಂತು. ಅಲ್ಲೊಂದು ಚಹಾ ಅಂಗಡಿಯ ಮಾಳಿಗೆಯ ಮೇಲೆ ಪ್ರತಿ ರವಿವಾರ ಮಧ್ಯಾಹ್ನ ಯಾರಾದರೂ ಹಾಡುತ್ತಾರಂತೆ. ಹೇಗಿರುತ್ತದೆ ನೋಡೋಣವೆಂದು ಹಿಂದಿನ ವಾರ ನಾನೂ ಹುಸೇನಬಿಯೂ ಹೋಗಿ ಕುಳಿತೆವು. ನಿಪ್ಪಾಣಿಯ ಹುಡುಗನೊಬ್ಬ ಗಿಟಾರು ಹಿಡಿದು, ಕಣ್ಣು ಮುಚ್ಚಿ ಮರಾಠಿಯಲ್ಲಿ ಹಾಡಿದ. ಎಲ್ಲರೂ ಚಹಾ ಕೆಳಗಿಟ್ಟು ಕೇಳಿದರು. ನಡುವೆ ಯಾರೂ ಎದ್ದು ಉಪ್ಪಿಟ್ಟು ಹಂಚಲಿಲ್ಲ. ಹುಸೇನಬಿ ಆ ಮೈಕನ್ನೇ ನೋಡುತ್ತಿದ್ದಳು. "ಉಸರ ಬಿಟ್ರೂ ಕೇಳಸ್ತೈತಿ ನೋಡ ಅಕ್ಕಾ ಇದರಾಗ," ಎಂದಳು. "ಅಪ್ಪನ ಹಾಡ ಇಲ್ಲೇ ಹಾಡ್ತೀನಿ. ಶಬಾನಾಗ ಬಾ ಅಂತೀನಿ."

ಶಬಾನಾ ಅವಳ ಮಗಳು, ಮಿರಜಕ್ಕೆ ಕೊಟ್ಟಿದ್ದಾರೆ. ತಾಯಿ ಮೇಳ ಸೇರಿದ ಮೇಲೆ ಒಮ್ಮೆಯೂ ಬಂದು ಕೇಳಿರಲಿಲ್ಲ. ಒಮ್ಮೆ ಕೂಸಿಗೆ ಜ್ವರ, ಒಮ್ಮೆ ಅತ್ತೆಗೆ ಜ್ವರ, ಜ್ವರವಿಲ್ಲದಾಗ ಬಸ್ಸಿಲ್ಲ. ಈ ಸಲ ಬಂದಳು. ಸಂಜೆಯ ಬಸ್ಸಿಗೆ ತಿರುಗಿ ಹೋಗುವ ಕರಾರಿನ ಮೇಲೆ ಬಂದು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಮುಂದಿನ ಸಾಲಿನಲ್ಲಿ ಕುಳಿತಳು.

ಮಾಳಿಗೆ ತುಂಬಿತ್ತು. ನಾವು ದೀಪ ಹಚ್ಚಿ ಕುಳಿತೆವು. ಹುಸೇನಬಿ ನೀರು ಕುಡಿಯಲು ಅತ್ತ ಹೋದಾಗ ಅಂಗಡಿಯ ಮಾಲೀಕ ಬಂದು ಮೈಕನ್ನು ನನ್ನ ಮುಂದಿಟ್ಟ. "ಅಕ್ಕಾರ, ಆವಾಜ ಚೆಕ್ ಮಾಡಬೇಕರಿ, ಒಂದೆರಡ ಸಾಲ ಹಾಡ್ರಿ."

"ನಾನ ಬ್ಯಾಡ್ರಿ, ಆಕಿ ಬರ್ತಾಳ."

"ಏನ ಹಾಡಿದ್ರೂ ನಡೀತೈತ್ರಿ."

ಏನು ಹಾಡಿದರೂ ನಡೆಯುತ್ತದೆ ಎಂದ. ನನಗೆ ಬರುವುದೇ ಒಂದು. ಕಣ್ಣು ಮುಚ್ಚಿ ಎತ್ತಿಕೊಂಡೆ. ಆ ಮೈಕಿನಲ್ಲಿ ನನ್ನ ದನಿ ನನಗೇ ಗುರುತು ಸಿಗದಷ್ಟು ಚೆಂದ ಕೇಳಿಸಿತು, ಅದೇ ಮೋಸವಾಯಿತು. ಪದ್ಮಕ್ಕನ ಬೆರಳು ರೂಢಿಯಂತೆ ಡೋಲಕಿಯ ಮೇಲೆ ಆಡತೊಡಗಿದವು. ಯಾರೋ ಪುಣ್ಯಾತ್ಮರು ಗಂಟೆಯನ್ನೂ ಬಾರಿಸಿದರು. ಎರಡು ಸಾಲಿಗೆ ನಿಲ್ಲಿಸಬೇಕೆಂದು ನೆನಪಾಗದೆ ಇರಲಿಲ್ಲ. ಆದರೆ ಮಂಗಳವನ್ನು ಅರ್ಧಕ್ಕೆ ಬಿಡುವುದುಂಟೆ? ಎಲ್ಲ ನುಡಿಗಳನ್ನೂ ಮುಗಿಸಿ ಕಣ್ಣು ಬಿಟ್ಟೆ.

ಹಿಂದಿನ ಸಾಲುಗಳು ಖಾಲಿಯಾಗಿದ್ದವು. ಮುಂದಿನವರು ಎದ್ದು ಕೈಮುಗಿದು ನಿಂತಿದ್ದರು. ಮೆಟ್ಟಿಲ ಹತ್ತಿರ ಚಪ್ಪಲಿಗಳ ಸಪ್ಪಳ. "ಚೊಲೊ ಆತ ಬಿಡ್ರಿ, ಭಾಳ ಉದ್ದ ಎಳೀಲಿಲ್ಲ," ಎಂದು ಒಬ್ಬರು ಮೆಚ್ಚಿಕೊಂಡರು. ಇನ್ನೊಬ್ಬರು ಪ್ರಸಾದ ಕೇಳಿದರು.

ಹುಸೇನಬಿ ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಬಗ್ಗಿ ಚಾಪೆಯ ತುದಿ ಮಡಚತೊಡಗಿ, "ಆತ ಬಿಡ ಅಕ್ಕಾ. ಮಂಗಳ ಆತಲ್ಲ," ಎಂದಳು. ನನ್ನ ಪದ್ಧತಿಯನ್ನು ನನಗಿಂತ ಚೆನ್ನಾಗಿ ಪಾಲಿಸುತ್ತಿದ್ದಳು. ಶಬಾನಾ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಮುಗೀತೇನ್ ಅಮ್ಮಾ?" ಎಂದು ಕೇಳಿದಳು.

ನಾನು ಎದ್ದು ಮೆಟ್ಟಿಲ ಕಡೆ ಓಡಿದೆ. ನನ್ನ ಮೊಣಕಾಲು ಓಡುವ ಮೊಣಕಾಲಲ್ಲ, ಅವತ್ತು ಓಡಿದವು. ಎಲ್ಲರಿಗಿಂತ ಮುಂದೆ ತಲೆಗೆ ಪಟಗ ಸುತ್ತಿದ ಒಬ್ಬ ಅಜ್ಜ ಕೋಲೂರಿಕೊಂಡು ಇಳಿಯುತ್ತಿದ್ದ. ಅವನ ನಿಧಾನದಿಂದಾಗಿ ಹಿಂದಿನವರೆಲ್ಲ ಮೆಟ್ಟಿಲ ಮೇಲೇ ಸಿಕ್ಕಿಕೊಂಡಿದ್ದರು. ಮಲ್ಲಯ್ಯ ಹೀಗೂ ಅಡ್ಡ ನಿಲ್ಲುತ್ತಾನೆ. ನಾನು ಅವರ ಸಂದಿಯಲ್ಲಿ ನುಸುಳಿ ಅಜ್ಜನ ಮುಂದೆ ಹೋಗಿ ನಿಂತೆ.

"ಅಜ್ಜಾರ, ತಿರಗ್ರಿ. ಹಾಡು ಇನ್ನ ಸುರು ಆಗಬೇಕರಿ."

"ಮಂಗಳ ಹಾಡಿದೆಲ್ಲವಾ ತಂಗಿ?"

"ಅದು ಮೈಕಿನ ಮಂಗಳರಿ. ಕಾರ್ಯಕ್ರಮದ್ದಲ್ಲ."

"ಮೈಕಿಗೂ ಮಂಗಳ ಹಾಡ್ತಾರೇನ?"

"ನಮ್ಮ ಕಡೆ ಹಾಡ್ತಾರ್ರಿ," ಎಂದೆ. ದೀಪ ಮೇಲಿತ್ತು, ನಾನು ಕೆಳಗಿದ್ದೆ. ದೇವರಿಗೆ ಅಷ್ಟು ದೂರ ಕೇಳಿಸಿರಲಾರದೆಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ.

ಅಜ್ಜ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕೋಲು ತಿರುಗಿಸಿದ, ಅವನ ಹಿಂದಿದ್ದವರು ತಿರುಗಲೇಬೇಕಾಯಿತು. ನಾನು ಮೇಲೆ ಬಂದು ಮಡಚಿದ ಚಾಪೆಯನ್ನು ಬಿಡಿಸಿ, ದೀಪಕ್ಕೆ ಎಣ್ಣೆ ಹಾಕಿದೆ. "ಹಾಡ ಹುಸೇನಬಿ. ಪಾಪ ನನಗ ಇರ್ಲಿ," ಎಂದೆ.

"ಅಷ್ಟೂ ನಿನಗ್ಯಾಕ? ನಾನೂ ಡೋಲಕಿ ಬಾರಿಸೀನಿ," ಎಂದಳು ಪದ್ಮಕ್ಕ.

ಹುಸೇನಬಿ ಅಪ್ಪನ ಹಾಡನ್ನೇ ಮೊದಲು ಎತ್ತಿಕೊಂಡಳು. ಹೇಗಿತ್ತೆಂದು ಬರೆಯಲು ನನಗೆ ಬಾರದು. ಶಬಾನಾ ತಾಯಿಯ ಮುಖ ನೋಡುತ್ತ, ಕೂಸಿನ ಬೆನ್ನು ತಟ್ಟುವುದನ್ನೇ ಮರೆತು ಕುಳಿತಿದ್ದಳು. ಕೂಸೂ ಅಳಲಿಲ್ಲ. ನಾನು ತಾಳವನ್ನು ತೊಡೆಯ ಮೇಲಿಟ್ಟು ಸುಮ್ಮನಿದ್ದೆ. ಆ ಹಾಡಿಗೆ ನಾನು ಮಾಡಬಹುದಾದ ಉಪಕಾರ ಅದೊಂದೇ.

ಕಿಟಕಿಯ ಬಿಸಿಲು ಕೆಂಪಾಯಿತು. ಪದ್ಮಕ್ಕ ಜೈನರವಳು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕು. ಶಬಾನಾಳ ಬಸ್ಸಿನ ಹೊತ್ತೂ ಆಗಿತ್ತು. "ಮುಗಸ ಬೇ ಇನ್ನ," ಎಂದಳು ಪದ್ಮಕ್ಕ. ನಾನು ಆರತಿ ಎತ್ತಿಕೊಂಡು ಮಂಗಳ ಶುರುಮಾಡಿದೆ, ಈ ಸಲ ಕಣ್ಣು ಬಿಟ್ಟುಕೊಂಡೇ. ಒಬ್ಬರೂ ಏಳಲಿಲ್ಲ. ಕೊನೆಯ ನುಡಿಯೂ ಮುಗಿಯಿತು. ಎಲ್ಲರೂ ಪಿಳಿಪಿಳಿ ನೋಡುತ್ತ, ಮುಂದೇನೆಂದು ಕುಳಿತೇ ಇದ್ದರು.

ಅಜ್ಜ ಕೋಲಿನ ಮೇಲೆ ಗದ್ದ ಊರಿ ಕೇಳಿದ: "ಇದು ಯಾವುದರದವಾ ತಂಗಿ? ಮೈಕಿಂದೋ, ದೇವರದೋ?"

ದೀಪ ಮುಂದೆಯೇ ಇತ್ತು. "ದೇವರದರಿ ಅಜ್ಜಾರ," ಎಂದೆ. "ಮೊದಲಿಂದೂ ದೇವರದ ಇತ್ತರಿ. ನಾ ಸುಳ್ಳ ಹೇಳಿದ್ನಿ."

ಅಜ್ಜ ನಿಧಾನಕ್ಕೆ ಎದ್ದು ನಿಂತು ಕೈಮುಗಿದ. ಉಳಿದವರೂ ಎದ್ದರು. "ಹಂಗಾದ್ರ ಇನ್ನೊಂದ ನುಡಿ ಹೆಚ್ಚಿಗಿ ಹಾಡವಾ," ಎಂದ.

ಹೆಚ್ಚಿನ ನುಡಿ ನನಗೆಲ್ಲಿ ಬರಬೇಕು? ಮತ್ತೆ ಮೊದಲಿನಿಂದಲೇ ಎತ್ತಿಕೊಂಡೆ.