‘ಸಮರ್ಪಕವಾಗಿ’ ಎಂಬ ತಮ್ಮ ಅಮೂಲ್ಯ ಪದದ ಬಗ್ಗೆ

ಸುಲಭಸೇತು ಸಾಫ್ಟ್‌ವೇರ್ ಸಂಸ್ಥೆಯ ವಿವರಣಾ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ದಾವಣಗೆರೆ ಸರಸ್ವತಿ ನಗರದ ಪುಟ್ಟದೊಂದು ಡಯಾಲಿಸಿಸ್ ಕೇಂದ್ರದ ಸ್ವಾಗತ ಮೇಜಿನಿಂದ ಪುಷ್ಪಲತಾ ಎಂಬ ನಾನು ಸಲ್ಲಿಸುವ ಸವಿನಯ ವಂದನೆಗಳನ್ನು ಸ್ವೀಕರಿಸಬೇಕು. ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಪದಗಳನ್ನು ಇಷ್ಟು ಮಿತವಾಗಿ ಬಳಸುವವರಿಗೆ ಆಯಾಸವಾಗುವ ಸಂಭವವೇ ಇಲ್ಲ.

ತಮ್ಮ ಎಐ ಏಜೆಂಟ್ ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಕೆಲಸಕ್ಕೆ ಸೇರಿತು. ರೋಗಿಗಳು ವಾಟ್ಸಾಪಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ತಾವು ಅದರ ಕೈಗೆ ಕೊಟ್ಟ ಉಪಕರಣಗಳಲ್ಲಿ, ಅಂದರೆ ಒಂದೊಂದು ಕೆಲಸ ಮಾಡುವ ಪುಟ್ಟ ಪ್ರೋಗ್ರಾಮುಗಳಲ್ಲಿ, ತಕ್ಕದ್ದನ್ನು ಆರಿಸಿ, ಸರದಿಯ ಪಟ್ಟಿಯನ್ನು ನೋಡಿಕೊಳ್ಳುವುದು ಅದರ ಕೆಲಸ. ಯಾವ ಉಪಕರಣ ಏನು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತಾಗುವುದು ತಾವು ಬರೆದ ವಿವರಣೆಯಿಂದ ಮಾತ್ರ. ಒಳಗೆ ಇಣುಕಲು ಅದಕ್ಕೆ ಕಣ್ಣಿಲ್ಲ, ಕೇಳೋಣವೆಂದರೆ ಪಕ್ಕದ ಕುರ್ಚಿಯಲ್ಲಿ ಹಳಬರೂ ಇಲ್ಲ.

ಹರಿಹರದ ಖತೀಜಾಬೀ ಅವರು ಸೋಮವಾರ ಮತ್ತು ಗುರುವಾರ ನಮ್ಮಲ್ಲಿಗೆ ಬರುವ ಅರವತ್ತೆಂಟರ ಹಿರಿಯರು. ಕಳೆದ ತಿಂಗಳು ಅವರು ಏಜೆಂಟಿಗೆ ಹೀಗೊಂದು ಧ್ವನಿ ಸಂದೇಶ ಕಳಿಸಿದರು: “ಗುರುವಾರ ಬ್ಯಾಡ್ರಿ, ಶುಕ್ರವಾರ ಮಾಡ್ರಿ. ಮೊಮ್ಮಗಳು ಸಬಾಂದು ನಿಶ್ಚಿತಾರ್ಥ ಐತೆ. ಡಾಕ್ಟರು ಹ್ಞೂಂ ಅಂದಾರೆ.” ಇದರಲ್ಲಿ ಅರ್ಥವಾಗದ ಮಾತೊಂದೂ ಇಲ್ಲ, ಏಜೆಂಟಿಗೂ ಎಲ್ಲವೂ ಅರ್ಥವಾಯಿತು. ತಕ್ಷಣವೇ “ತಮ್ಮ ಕೋರಿಕೆ ಯಶಸ್ವಿಯಾಗಿ ಪೂರ್ಣಗೊಂಡಿದೆ” ಎಂದು ಉತ್ತರ ಹೋಯಿತು. ಅದನ್ನು ನಂಬಿ ಅವರು ನಿಶ್ಚಿತಾರ್ಥಕ್ಕೆ ಕೂತರು. ಅದನ್ನೇ ನಂಬಿ ನಾನು ಪಟ್ಟಿಯನ್ನು ತೆರೆದೂ ನೋಡಲಿಲ್ಲ, ಆ ತಪ್ಪು ನನ್ನದು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಸೊಸೆ ಮುಸರತ್ ಅವರ ತೋಳು ಹಿಡಿದುಕೊಂಡು ಖತೀಜಾಬೀ ಬಂದರು. ಕಾಲುಗಳು ಊದಿಕೊಂಡಿದ್ದವು, ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು. ಪಟ್ಟಿ ತೆರೆದರೆ ಅವರ ಹೆಸರು ಶುಕ್ರವಾರದಲ್ಲಿಲ್ಲ, ಮುಂದಿನ ಸೋಮವಾರದಲ್ಲಿಲ್ಲ, ಯಾವ ದಿನದಲ್ಲೂ ಇಲ್ಲ. ಗುರುವಾರದ ಅವರ ಜಾಗ ಹೊಸ ರೋಗಿಯೊಬ್ಬರಿಗೆ ಹೋಗಿತ್ತು, ಶುಕ್ರವಾರ ಎಲ್ಲ ಡಯಾಲಿಸಿಸ್ ಕುರ್ಚಿಗಳೂ ಭರ್ತಿ. ನಾನು ಮೂರು ಸಲ ಹುಡುಕುವುದನ್ನು ನೋಡುತ್ತಿದ್ದ ಅವರು ಮೆಲ್ಲಗೆ ಕೇಳಿದರು: “ನನ್ ಹೆಸರು ಎಲ್ಲೋತವ್ವ? ನಾನು ಇಲ್ಲೇ ಇದೀನಲ್ಲ.”

ಮಾನ್ಯರೇ, ಆರು ವರ್ಷದಿಂದ ಆ ಮೇಜಿನಲ್ಲಿ ಕೂತಿರುವ ನಾನು ಆ ಪ್ರಶ್ನೆಯನ್ನು ತಮ್ಮ ವಿಭಾಗಕ್ಕೇ ರವಾನಿಸುತ್ತಿದ್ದೇನೆ. ಉತ್ತರ ಹೊಳೆದರೆ ಅಂಚೆಯಲ್ಲಿ ಕಳಿಸಬೇಕು.

ಅಷ್ಟರಲ್ಲಿ ಮೊದಲ ಕುರ್ಚಿಯ ಸರದಿಗೆ ಕಾಯುತ್ತಿದ್ದ ಆವರಗೆರೆಯ ಬಕ್ಕೇಶಪ್ಪನವರು ಎದ್ದು ನಿಂತು, “ಮೊದಲು ಆ ಅಮ್ಮಾರನ್ನ ಕೂಡ್ಸ್ರಿ, ನಾ ಸಂಜಿಗೆ ಬರ್ತೀನಿ” ಎಂದರು. ವೈದ್ಯರು ಇಬ್ಬರನ್ನೂ ಪರೀಕ್ಷಿಸಿ ಒಪ್ಪಿದರು. ತಂತ್ರಜ್ಞ ಶಿವಮೂರ್ತಿ ಪಾಳಿ ಮುಗಿದ ಮೇಲೂ ಬಕ್ಕೇಶಪ್ಪನವರಿಗಾಗಿ ಉಳಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಖತೀಜಾಬೀ ಅವರ ಉಸಿರು ಹತೋಟಿಗೆ ಬಂತು, ಮುಸರತ್ ಗೋಡೆಗೆ ಒರಗಿ ಅತ್ತರು. ಇವರಾರೂ ತಮ್ಮ ಸಂಸ್ಥೆಯ ಉಪಕರಣಗಳಲ್ಲವೆಂಬುದನ್ನು ವಿಷಾದದಿಂದ ತಿಳಿಸುತ್ತಿದ್ದೇನೆ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ, ಏಜೆಂಟಿಗೆ ಇನ್ನೂ ಬುದ್ಧಿ ಸಾಲದು, ಮುಂದಿನ ಆವೃತ್ತಿಯಲ್ಲಿ ಹೆಚ್ಚಿಸುತ್ತೇವೆ ಎಂಬ ಭರವಸೆ ಸಿಕ್ಕಿತು. ನಾನೂ ಶಿವಮೂರ್ತಿಯೂ ಸೆಟ್ಟಿಂಗ್ ಪುಟ ತೆರೆದು ಆ ಬುದ್ಧಿಗೇಡಿ ಏನು ಓದಿತ್ತೆಂದು ನೋಡಿದೆವು. ಮೊದಲನೆಯ ಉಪಕರಣದ ವಿವರಣೆ: ‘ಸರದಿಯನ್ನು ನಿರ್ವಹಿಸುತ್ತದೆ.’ ಎರಡನೆಯದರದು: ‘ಸರದಿಯನ್ನು ಸಮರ್ಪಕವಾಗಿ ನಿರ್ವಹಿಸುತ್ತದೆ.’ ಹುಸಿ ಹೆಸರೊಂದರ ಮೇಲೆ ಪ್ರಯೋಗಿಸಿದಾಗ ತಿಳಿಯಿತು: ಮೊದಲನೆಯದು ದಿನ ಬದಲಿಸುವಂಥದ್ದು. ಎರಡನೆಯದು ರೋಗಿಯ ಹೆಸರನ್ನು ಪೂರ್ತಿ ಅಳಿಸಿ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಡುವಂಥದ್ದು. ಶ್ರದ್ಧೆಯಿರುವ ಯಾವ ನೌಕರನಾದರೂ ಎರಡರಲ್ಲಿ ಸಮರ್ಪಕವಾದದ್ದನ್ನೇ ಆರಿಸುತ್ತಾನಲ್ಲವೇ? ಒಂದು ಕ್ರಿಯಾವಿಶೇಷಣದಲ್ಲಿ ಒಬ್ಬ ವ್ಯಕ್ತಿಯನ್ನು ಪಟ್ಟಿಯಿಂದ ಇಳಿಸಿಬಿಡುವ ಇಂಥ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ. ಅದರ ಮೇಲೆ ಎರಡೂ ಉಪಕರಣಗಳು ಕೆಲಸ ಮುಗಿಸಿ ಹೇಳುವುದು ‘ಯಶಸ್ವಿ’ ಎಂಬ ಒಂದೇ ಮಾತು. ಏನು ಯಶಸ್ವಿಯಾಯಿತೆಂದು ಏಜೆಂಟಿಗೆ ತಿಳಿಸುವುದನ್ನು ತಾವು ಅಗೌರವವೆಂದು ಭಾವಿಸಿರಬೇಕು.

ಪಿಯುಸಿ ಓದಿದ ನಾನು ಆ ಸಂಜೆ ತಮ್ಮ ಕೆಲಸವನ್ನು ಮಾಡುವ ಉದ್ಧಟತನ ತೋರಿದೆ. ಮೊದಲನೆಯದಕ್ಕೆ ಬರೆದೆ: ‘ರೋಗಿ ಬೇರೆ ದಿನ ಬೇಕೆಂದಾಗ ಇದನ್ನು ಬಳಸು. ಹೊಸ ದಿನದಲ್ಲಿ ಕುರ್ಚಿ ಖಾಲಿ ಇದ್ದರೆ ಮಾತ್ರ ಹಳೆಯದನ್ನು ಬಿಡುತ್ತದೆ.’ ಎರಡನೆಯದಕ್ಕೆ: ‘ರೋಗಿಯ ಎಲ್ಲ ಸರದಿಗಳನ್ನೂ ಅಳಿಸುತ್ತದೆ, ಮರಳಿ ತರಲಾಗದು. ದಿನ ಬದಲಿಸಲು ಇದನ್ನು ಬಳಸಬೇಡ. ಬಳಸುವ ಮೊದಲು ಪುಷ್ಪಲತಾ ಅವರನ್ನು ಕೇಳು.’ ಉತ್ತರದಲ್ಲಿ ಹೆಸರು, ಹಳೆಯ ದಿನ, ಹೊಸ ದಿನ ಬರುವಂತೆ ಶಿವಮೂರ್ತಿ ಮಾಡಿದರು. ಆಮೇಲೆ ಖತೀಜಾಬೀ ಅವರ ಅದೇ ಧ್ವನಿ ಸಂದೇಶವನ್ನು ಪರೀಕ್ಷೆಗೆಂದು ಮತ್ತೆ ಕೇಳಿಸಿದೆವು. ಏಜೆಂಟ್ ದಿನ ಬದಲಿಸುವ ಉಪಕರಣವನ್ನೇ ಎತ್ತಿಕೊಂಡಿತು. ಅದೇ ಏಜೆಂಟ್, ಅದೇ ಬುದ್ಧಿ. ಅಂದಿನಿಂದ ಇಂದಿನವರೆಗೆ ಯಾರ ಹೆಸರೂ ಕಳೆದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಬುದ್ಧಿ ಹೆಚ್ಚಿಸುವ ಮುಂದಿನ ಆವೃತ್ತಿಯನ್ನು ದಯಮಾಡಿ ಮೊದಲು ತಮ್ಮ ವಿಭಾಗದಲ್ಲೇ ಅಳವಡಿಸಿಕೊಳ್ಳಬೇಕು. ಜೊತೆಗೆ ಒಂದು ಶುಕ್ರವಾರ ಬೆಳಿಗ್ಗೆ ನನ್ನ ಕುರ್ಚಿಯಲ್ಲಿ ಕೂತು, ಕಾಲು ಊದಿಕೊಂಡು ಬಂದವರಿಗೆ ‘ಸಮರ್ಪಕ’ ಎಂದರೇನೆಂದು ವಿವರಿಸಿಕೊಡಬೇಕು.

ಇನ್ನೂ ಪಟ್ಟಿಯಲ್ಲಿ ಹೆಸರಿರುವ
ತಮ್ಮ ವಿಶ್ವಾಸಿ,
ಪುಷ್ಪಲತಾ

ತಾ.ಕ.: ಹೊಸದಾಗಿ ನಲವತ್ತು ಉಪಕರಣಗಳನ್ನು ಕಳಿಸುತ್ತಿರುವುದಾಗಿ ತಮ್ಮ ಪತ್ರ ನಿನ್ನೆ ಬಂತು. ಅವುಗಳ ವಿವರಣೆಗಳನ್ನು ಮೊದಲು ಖತೀಜಾಬೀ ಅವರಿಗೆ ಫೋನಿನಲ್ಲಿ ಓದಿ ಹೇಳತಕ್ಕದ್ದು. ಅವರು “ಅಂದ್ರೇನ್ರಿ?” ಎಂದರೆ ಮತ್ತೆ ಬರೆಯತಕ್ಕದ್ದು. ಅವರ ಒಪ್ಪಿಗೆ ಪಡೆದಿದ್ದೇನೆ: “ನಾಲ್ಕು ತಾಸು ಸುಮ್ನೆ ಕುಂತಿರ್ತೀನಿ, ಓದ್ಲಿ ಬಿಡವ್ವ, ಕೇಳ್ತೀನಿ.” ಡಯಾಲಿಸಿಸ್‌ಗೆ ಸೂಜಿ ಚುಚ್ಚುವುದು ಎಡಗೈಗೆ, ಫೋನ್ ಹಿಡಿಯಲು ಬಲಗೈ ಬಿಡುವಾಗಿರುತ್ತದೆ.